ತಗಡು ಬಡಿಯುವ ಪಾಠ ಎಲ್ಲಿ ಸಿಗುತ್ತದೆ?

ಕಳೆದ ವರ್ಷ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನ ನಾನೊಂದು ಹುಡುಕಾಟ ಶುರುಮಾಡಿದೆ. ಚಪ್ಪಟೆ ತಗಡನ್ನು ಸುತ್ತಿಗೆಯಿಂದ ಬಡಿದು ಕಾರಿನ ಮಡ್‌ಗಾರ್ಡ್, ಬಾನೆಟ್, ಬಾಗಿಲು ಮಾಡುವುದನ್ನು ಕೈಹಿಡಿದು ಕಲಿಸುವ ತರಗತಿ ಎಲ್ಲಾದರೂ ಇದೆಯೇ ಎಂದು. ಓದುತ್ತಿರುವುದು ಮೆಕ್ಯಾನಿಕಲ್ ಬಿ.ಇ. ಆದ್ದರಿಂದ ಮೊದಲು ಕಾಲೇಜಿನಲ್ಲೇ ಕೇಳಿದೆ. ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ತಗಡಿನ ಆಲಿಕೆ ಮಾಡಿದ್ದೀಯಲ್ಲ, ಇನ್ನೇನು ಬೇಕು ಎಂಬ ಉತ್ತರ ಬಂತು.

ಆಲಿಕೆ ಮಾಡಿದ್ದು ನಿಜ. ಆದರೆ ಆಲಿಕೆಗೂ ಮಡ್‌ಗಾರ್ಡಿಗೂ ಇರುವ ವ್ಯತ್ಯಾಸವೇ ಈ ವಿದ್ಯೆ. ಇಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ನಾವು ಶಂಕು, ಸಿಲಿಂಡರ್, ಪ್ರಿಸಂಗಳ ಮೇಲ್ಮೈಯನ್ನು ಬಿಡಿಸಿ ಕಾಗದದ ಮೇಲೆ ಹರಡುತ್ತೇವೆ. ಅದೇ ಆಕಾರಕ್ಕೆ ತಗಡು ಕತ್ತರಿಸಿ ಸುತ್ತಿದರೆ ಆಲಿಕೆ. ಕಾರಿನ ಮಡ್‌ಗಾರ್ಡ್ ಹಾಗಲ್ಲ. ಅದು ಉದ್ದಕ್ಕೂ ಬಾಗುತ್ತದೆ, ಅಡ್ಡಕ್ಕೂ ಬಾಗುತ್ತದೆ. ತೆಂಗಿನಕಾಯಿಗೆ ಕಾಗದ ಸುತ್ತಿ ನೋಡಿ, ಅಂಚಿನಲ್ಲಿ ಸೀರೆಯ ನೆರಿಗೆಯ ಹಾಗೆ ಸುಕ್ಕು ಏಳುತ್ತದೆ. ಅಂಥ ಆಕಾರ ಬೇಕೆಂದರೆ ತಗಡಿನ ನಡುಭಾಗವನ್ನು ಹಿಗ್ಗಿಸಬೇಕು, ಇಲ್ಲವೇ ಅಂಚನ್ನು ಕುಗ್ಗಿಸಬೇಕು. ಎಲ್ಲಿ ಎಷ್ಟು ಎಂಬುದನ್ನು ನಮ್ಮ ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಈ ಕೆಲಸವನ್ನು ಪ್ರೆಸ್ ಮತ್ತು ಡೈ ಮಾಡಿ ಮುಗಿಸುತ್ತವೆ. ಆದರೆ ಒಂದೇ ಒಂದು ಕಾರು ಬೇಕೆಂದಾಗ, ಅಥವಾ ಬಿಡಿಭಾಗವೇ ಸಿಗದ ಹಳೆಯ ಕಾರೊಂದು ಬಂದಾಗ, ಕೈಯೇ ಗತಿ.

ಐಟಿಐಗಳ ಪಟ್ಟಿ ನೋಡಿದೆ. ಶೀಟ್ ಮೆಟಲ್ ವರ್ಕರ್ ಎಂಬ ಟ್ರೇಡ್ ಇದೆ, ಆಟೊ ಬಾಡಿ ರಿಪೇರಿಯದ್ದೂ ಇದೆ. ಪೂರ್ತಿ ವರ್ಷದ ಕೋರ್ಸುಗಳು. ಬಿ.ಇ. ಬಿಟ್ಟು ಹೋಗಬೇಕು, ಮನೆಯಲ್ಲಿ ಆ ಮಾತೆತ್ತುವ ಧೈರ್ಯ ನನಗಿರಲಿಲ್ಲ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಎರಡು ಮೂರು ದಿನಗಳ ವಾರಾಂತ್ಯದ ಶಿಬಿರಗಳು ನಡೆಯುತ್ತವೆ. ಅವುಗಳ ಶುಲ್ಕವನ್ನು ರೂಪಾಯಿಗೆ ಬದಲಿಸಿ ನೋಡಿ ಮೊಬೈಲ್ ಪಕ್ಕಕ್ಕಿಟ್ಟೆ.

ಕೊನೆಗೆ ಮೈಸೂರಿನ ಒಂದು ಗ್ಯಾರೇಜಿಗೆ ಹೋದೆ. ನಮ್ಮಲ್ಲಿ ಈ ಕೆಲಸಕ್ಕೆ ಟಿಂಕರಿಂಗ್ ಎನ್ನುತ್ತಾರೆ. ಅಲ್ಲಿನ ಮೇಸ್ತ್ರಿಗಳಿಗೆ ಅರವತ್ತು ದಾಟಿದೆ, ಒಂದು ಕಿವಿ ಮಂದ. ಅವರ ಮುಂದೆ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಬಾನೆಟ್ ಬಿಚ್ಚಿಟ್ಟಿತ್ತು. ಆ ಕಾರಿನಲ್ಲಿ ಬಾನೆಟ್ ಮತ್ತು ಎರಡೂ ಮಡ್‌ಗಾರ್ಡ್ ಒಟ್ಟಿಗೇ ಮುಂದಕ್ಕೆ ತೆರೆದುಕೊಳ್ಳುತ್ತವೆ, ಮೊಸಳೆ ಬಾಯಿ ತೆರೆದ ಹಾಗೆ. ಒಂದು ಬದಿಯ ಕೆಳಭಾಗ ತುಕ್ಕು ತಿಂದು ಹೋಗಿತ್ತು. ಈ ಆಕಾರವನ್ನು ಮೊದಲು ಯೋಚಿಸಿದವರು ಯಾರು ಎಂದು ಮನೆಗೆ ಬಂದು ಹುಡುಕಿದೆ. ಅರವತ್ತರ ದಶಕದಲ್ಲಿ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಈ ಕಾರಿನ ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಅದರ ವಿನ್ಯಾಸಕ ಇಟಲಿಯ ಜೊವಾನಿ ಮಿಕೆಲೊಟ್ಟಿ. ಅವನು ಕೆಲಸ ಕಲಿತದ್ದು ಹದಿಹರೆಯದಲ್ಲಿ, ಟ್ಯೂರಿನ್ ನಗರದ ಫರೀನಾ ಎಂಬ ಕಾರ್ಖಾನೆಯಲ್ಲಿ. ಅದೇ ಕಾರ್ಖಾನೆಯಲ್ಲಿ ಅವನಿಗಿಂತ ಎಷ್ಟೋ ಮೊದಲು ಕಲಿತ ಇನ್ನೊಬ್ಬನ ಕಥೆ ಅಲ್ಲಿಂದ ನನ್ನನ್ನು ಹಿಡಿಯಿತು.

ಅವನ ಹೆಸರು ಬತ್ತಿಸ್ತಾ ಫರೀನಾ. ಹುಟ್ಟಿದ್ದು 1893ರಲ್ಲಿ, ಉತ್ತರ ಇಟಲಿಯ ಪಿಯೆಮಾಂಟ್ ಪ್ರಾಂತ್ಯದ ಕೋರ್ತಾಂಜೆ ಎಂಬ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳ ಮನೆ, ಇವನು ಹತ್ತನೆಯವನು. ಅಲ್ಲಿಯ ಆಡುಮಾತಿನಲ್ಲಿ ಪಿನಿನ್ ಎಂದರೆ ಚಿಕ್ಕವನು. ನಮ್ಮಲ್ಲಿ ಪುಟ್ಟ, ಚಿಕ್ಕಣ್ಣ ಎನ್ನುವ ಹಾಗೆ. ಮನೆಯವರು ಕರೆದ ಆ ಹೆಸರೇ ಮುಂದೆ ಜಗತ್ತಿನ ಅತಿ ಚೆಂದದ ಕಾರುಗಳ ಪಕ್ಕೆಯ ಮೇಲೆ ಅಕ್ಷರವಾಗಿ ಕೂತಿತು.

ಹನ್ನೊಂದನೇ ವಯಸ್ಸಿಗೇ ಪಿನಿನ್ ಅಣ್ಣ ಜೊವಾನಿಯ ವರ್ಕ್‌ಶಾಪಿಗೆ ಕೆಲಸಕ್ಕೆ ಸೇರಿದ. ಆಗ ಕಾರು ಕಂಪನಿಗಳು ಎಂಜಿನ್, ಚಕ್ರ, ಚಾಸಿ ಇಷ್ಟನ್ನೇ ಮಾರುವುದು ಸಾಮಾನ್ಯವಾಗಿತ್ತು. ಕೊಂಡವರು ಅದನ್ನು ಬಾಡಿ ಕಟ್ಟುವವರ ಬಳಿ ತರುತ್ತಿದ್ದರು. ಕುದುರೆ ಸಾರೋಟು ಕಟ್ಟುತ್ತಿದ್ದ ಕೈಗಳೇ ಈ ಕೆಲಸಕ್ಕೂ ಬಂದಿದ್ದವು. ಮರದ ಚೌಕಟ್ಟು, ಅದರ ಮೇಲೆ ಬಡಿದು ಬಾಗಿಸಿದ ತಗಡು. ಅಂದರೆ ಪಿನಿನ್ ಬೆಳೆದದ್ದು ಬಡಗಿ, ತಗಡಿನ ಕೆಲಸದವ, ಬಣ್ಣದವ, ಸೀಟು ಹೊಲಿಯುವವ ಒಂದೇ ಸೂರಿನಡಿ ಇದ್ದ ಜಾಗದಲ್ಲಿ. ನಾನು ಹುಡುಕುತ್ತಿದ್ದ ತರಗತಿ ಇದೇ ಅಲ್ಲವೇ ಅನ್ನಿಸಿತು.

ಇಲ್ಲೊಂದು ಮಾತು ಹೇಳಲೇಬೇಕು. ಹನ್ನೊಂದರ ಹುಡುಗ ಶಾಲೆ ಬಿಟ್ಟು ಗ್ಯಾರೇಜಿಗೆ ಹೋದದ್ದನ್ನು ಓದಿ ಚಪ್ಪಾಳೆ ತಟ್ಟುವುದು ಸುಲಭ. ಇವತ್ತು ನಮ್ಮಲ್ಲಿ ಅದು ಅಪರಾಧ, ಆಗಬೇಕಾದದ್ದೂ ಹಾಗೆಯೇ. ನಮ್ಮ ಮೇಸ್ತ್ರಿಗಳೂ ಅದೇ ಪ್ರಾಯದಲ್ಲಿ ಸ್ಪ್ಯಾನರ್ ಹಿಡಿದವರು. ಅವರಿಗೆ ಬಂದದ್ದು ಮಂದ ಕಿವಿ ಮತ್ತು ಬಾಡಿಗೆ ಮನೆ. ಪಿನಿನ್‌ಗೆ ವರ್ಕ್‌ಶಾಪ್ ಇದ್ದ ಅಣ್ಣನಿದ್ದ. ಆ ವ್ಯತ್ಯಾಸ ಸಣ್ಣದಲ್ಲ.

ಹದಿನೆಂಟರ ಆಸುಪಾಸಿನಲ್ಲಿ ಪಿನಿನ್‌ನ ಕೈಗೊಂದು ಅವಕಾಶ ಬಂತು. ಫಿಯಟ್ ಕಂಪನಿ ಜೀರೊ ಎಂಬ ಸಣ್ಣ ಕಾರು ತರುತ್ತಿತ್ತು. ಅದರ ರೇಡಿಯೇಟರಿಗೆ, ಅಂದರೆ ಕಾರಿನ ಮುಖಕ್ಕೆ, ಪಿನಿನ್ ಒಂದು ವಿನ್ಯಾಸ ಮಾಡಿಕೊಟ್ಟ. ಕಂಪನಿಯ ಯಜಮಾನ ಜೊವಾನಿ ಆನ್ಯೆಲ್ಲಿ ತಮ್ಮದೇ ಇಂಜಿನಿಯರುಗಳ ವಿನ್ಯಾಸ ಬಿಟ್ಟು ಈ ಹುಡುಗನದ್ದನ್ನು ಆರಿಸಿದರು. ಕಾಲೇಜು ಮೆಟ್ಟಿಲು ಹತ್ತದವನ ಕೆಲಸ ಓದಿದವರ ಕೆಲಸವನ್ನು ಹಿಂದೆ ಹಾಕಿದ್ದು, ಓದುತ್ತಿರುವ ನನಗೆ ಸ್ವಲ್ಪ ಚುಚ್ಚಿತು ಎಂದು ಒಪ್ಪಿಕೊಳ್ಳುತ್ತೇನೆ.

1920ರಲ್ಲಿ ಅವನು ಅಮೆರಿಕಕ್ಕೆ ಹೋದ. ಡೆಟ್ರಾಯಿಟ್‌ನಲ್ಲಿ ಹೆನ್ರಿ ಫೋರ್ಡ್ ಅವನಿಗೆ ಕೆಲಸ ಕೊಡಲು ಮುಂದೆ ಬಂದರು. ನಮ್ಮ ಕ್ಯಾಂಪಸ್ ಭಾಷೆಯಲ್ಲಿ ಹೇಳುವುದಾದರೆ ಡ್ರೀಮ್ ಆಫರ್. ಪಿನಿನ್ ಒಪ್ಪಲಿಲ್ಲ. ಊರಿಗೆ ಮರಳಿದ, ಅದೇ ವರ್ಷ ರೋಸಾ ಎಂಬ ಹುಡುಗಿಯನ್ನು ಮದುವೆಯಾದ. ಮರುವರ್ಷ ಆಲ್ಪ್ಸ್ ಬೆಟ್ಟದ ರಸ್ತೆಯ ಮೇಲೆ ಒಂದು ಕಾರು ರೇಸ್ ಕೂಡ ಗೆದ್ದ. ಹತ್ತು ವರ್ಷ ಅಣ್ಣನ ಕಾರ್ಖಾನೆಯಲ್ಲೇ ದುಡಿದ.

ಸ್ವಂತದ ಬಾಗಿಲು ತೆರೆದದ್ದು 1930ರ ಮೇ ತಿಂಗಳಲ್ಲಿ. ಆಗ ಅವನಿಗೆ ಮೂವತ್ತಾರು. ಜಗತ್ತು ಆರ್ಥಿಕ ಕುಸಿತದಲ್ಲಿ ಮುಳುಗುತ್ತಿದ್ದ ಹೊತ್ತು ಅದು. ಹೆಂಡತಿಯ ಕಡೆಯವರ ಹಣ ಮತ್ತು ಕಾರು ತಯಾರಕ ವಿಂಚೆಂಜೊ ಲಾಂಚಿಯಾರ ಬೆಂಬಲ ಜೊತೆಗಿದ್ದವು. ಹೆಸರು ಕರೊಜೆರಿಯಾ ಪಿನಿನ್ ಫರೀನಾ. ಇಟಲಿಯಲ್ಲಿ ಕಾರಿನ ಬಾಡಿ ಕಟ್ಟುವ ಮನೆಗೆ ಕರೊಜೆರಿಯಾ ಎನ್ನುತ್ತಾರೆ. ಯುದ್ಧ ಬರುವ ಹೊತ್ತಿಗೆ ಗಾಳಿಯನ್ನು ಸೀಳಿಕೊಂಡು ಹೋಗುವ ಆಕಾರಗಳತ್ತ ಅವನ ಗಮನ ತಿರುಗಿತ್ತು.

ಯುದ್ಧ ಮುಗಿಯಿತು, ಇಟಲಿ ಸೋತಿತ್ತು. 1946ರಲ್ಲಿ ಪ್ಯಾರಿಸ್ ಕಾರು ಪ್ರದರ್ಶನಕ್ಕೆ ಇಟಲಿಯವರಿಗೆ ಪ್ರವೇಶವಿರಲಿಲ್ಲ. ಪಿನಿನ್ ಮತ್ತು ಮಗ ಸೆರ್ಜಿಯೊ ಒಂದು ಆಲ್ಫಾ ರೋಮಿಯೊ, ಒಂದು ಲಾಂಚಿಯಾ, ಎರಡು ಕಾರನ್ನು ತಾವೇ ಓಡಿಸಿಕೊಂಡು ಆಲ್ಪ್ಸ್ ದಾಟಿ ಪ್ಯಾರಿಸ್ಸಿಗೆ ಹೋದರು. ಕಾರುಗಳನ್ನು ತೊಳೆದು ಒರೆಸಿ ಪ್ರದರ್ಶನ ನಡೆಯುತ್ತಿದ್ದ ಗ್ರಾಂ ಪಾಲೆ ಕಟ್ಟಡದ ಎದುರು ರಸ್ತೆಯಲ್ಲೇ ನಿಲ್ಲಿಸಿಬಿಟ್ಟರು. ಒಳಗೆ ಹೋಗಲು ಬಂದವರು ಹೊರಗೇ ಗುಂಪುಗಟ್ಟಿದರು. ಸಂದರ್ಶನಕ್ಕೆ ಕರೆಯದ ಕಂಪನಿಯ ಗೇಟಿನ ಮುಂದೆ ಪ್ರಾಜೆಕ್ಟ್ ಇಟ್ಟುಕೊಂಡು ನಿಂತ ಹಾಗೆ! ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟದ ಭಾಗ ಇದು.

ಮರುವರ್ಷ ಬಂದದ್ದು ಚಿಸಿಟಾಲಿಯಾ 202. ಚಿತ್ರ ಸಿಕ್ಕರೆ ದಯವಿಟ್ಟು ನೋಡಿ. ಅಲ್ಲಿಯವರೆಗೆ ಕಾರೆಂದರೆ ಒಂದು ಪೆಟ್ಟಿಗೆ, ಅದಕ್ಕೆ ಅಂಟಿಸಿದ ಬಾನೆಟ್, ಮೇಲಿಂದ ಸಿಕ್ಕಿಸಿದ ನಾಲ್ಕು ಮಡ್‌ಗಾರ್ಡ್. ಇದರಲ್ಲಿ ಬಾನೆಟ್, ಮಡ್‌ಗಾರ್ಡ್, ಪಕ್ಕೆ, ಛಾವಣಿ ಎಲ್ಲವೂ ಒಂದೇ ಚರ್ಮದ ಹಾಗೆ ಹರಿದಿವೆ. ಬಾನೆಟ್ಟು ಮಡ್‌ಗಾರ್ಡುಗಳಿಗಿಂತ ತಗ್ಗಿನಲ್ಲಿದೆ. ಇದರ ಬಾಡಿ ತಯಾರಾದದ್ದು ಮರದ ಅಚ್ಚಿನ ಮೇಲೆ ತಗಡಿಟ್ಟು ಕೈಸುತ್ತಿಗೆಯಿಂದ ಬಡಿದು. ಎಲ್ಲೂ ಮುಚ್ಚಿಡಲು ಕೀಲಿಲ್ಲ, ಪಟ್ಟಿಯಿಲ್ಲ. ತಗಡು ಒಂದು ಕಡೆ ಹೆಚ್ಚು ಹಿಗ್ಗಿದರೂ ಬೆಳಕು ಬಿದ್ದಾಗ ಗೊತ್ತಾಗಿಬಿಡುತ್ತದೆ. 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಎಂಟು ಕಾರುಗಳ ಪ್ರದರ್ಶನ ಇಟ್ಟಾಗ ಇದೂ ಅವುಗಳಲ್ಲಿ ಒಂದಾಗಿತ್ತು. ಮುಂದೆ ಆ ಮ್ಯೂಸಿಯಂ ತನ್ನ ಶಾಶ್ವತ ಸಂಗ್ರಹಕ್ಕೇ ಇದನ್ನು ಸೇರಿಸಿಕೊಂಡಿತು.

ಪಿನಿನ್ ಎಲ್ಲವನ್ನೂ ತಾನೇ ಬಡಿದ ಎಂದುಕೊಳ್ಳಬೇಡಿ. ಇಟಲಿಯಲ್ಲಿ ಬತ್ತಿಲಾಸ್ತ್ರಾ ಎಂದು ಕರೆಯುವ ತಗಡು ಬಡಿಯುವವರ ಪಡೆಯೇ ಇತ್ತು, ಅವರ ಹೆಸರುಗಳು ಪುಸ್ತಕಗಳಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಹೆಸರು ಉಳಿಸಿಕೊಂಡ ಕೆಲವರಲ್ಲಿ ಮೊಡೆನಾದ ಸೆರ್ಜಿಯೊ ಸ್ಕಾಲಿಯೆಟ್ಟಿ ಒಬ್ಬ. ಪಿನಿನ್ ಫರೀನಾದಲ್ಲಿ ರೂಪುಗೊಂಡ ಎಷ್ಟೋ ಫೆರಾರಿ ರೇಸ್ ಕಾರುಗಳು ತಗಡಾಗಿ ಮೈತಳೆದದ್ದು ಅವನ ವರ್ಕ್‌ಶಾಪಿನಲ್ಲಿ. ಆ ಫೆರಾರಿ ನಂಟು ಬೆಳೆದದ್ದೂ ತಮಾಷೆಯೇ. ಎಂಜೊ ಫೆರಾರಿ ಟ್ಯೂರಿನ್‌ಗೆ ಬರಲು ಒಪ್ಪಲಿಲ್ಲ, ಪಿನಿನ್ ಮೊಡೆನಾಕ್ಕೆ ಹೋಗಲು ಒಪ್ಪಲಿಲ್ಲ. ಕೊನೆಗೆ 1951ರಲ್ಲಿ ನಡುವಿನ ಟೊರ್ಟೊನಾ ಎಂಬ ಊರಿನ ಹೋಟೆಲೊಂದರಲ್ಲಿ ಇಬ್ಬರೂ ಕೂತು ಮಾತಾಡಿದರು. ಆಮೇಲೆ ದಶಕಗಳ ಕಾಲ ಬಹುಪಾಲು ಫೆರಾರಿಗಳ ರೂಪ ಇದೇ ಮನೆಯಿಂದ ಬಂತು.

ಇಷ್ಟೆಲ್ಲ ಆದ ಮನುಷ್ಯ ಮಗ ಸೆರ್ಜಿಯೊನನ್ನು ಹನ್ನೊಂದಕ್ಕೇ ವರ್ಕ್‌ಶಾಪಿಗೆ ತಳ್ಳಲಿಲ್ಲ. ಸೆರ್ಜಿಯೊ ಟ್ಯೂರಿನ್‌ನ ಪಾಲಿಟೆಕ್ನಿಕ್‌ನಲ್ಲಿ ಓದಿ 1950ರಲ್ಲಿ ಮೆಕ್ಯಾನಿಕಲ್ ಇಂಜಿನಿಯರ್ ಆದ. ನನ್ನದೇ ಬ್ರಾಂಚು! ಅದೇ ಪಾಲಿಟೆಕ್ನಿಕ್ ವಯಸ್ಸಾದ ಪಿನಿನ್‌ಗೆ ವಾಸ್ತುಶಿಲ್ಪದಲ್ಲಿ ಗೌರವ ಪದವಿ ಕೊಟ್ಟಿತು. 1961ರಲ್ಲಿ ಅವನು ಕಂಪನಿಯನ್ನು ಮಗ ಮತ್ತು ಅಳಿಯನ ಕೈಗಿಟ್ಟ. ಅದೇ ವರ್ಷ ಇಟಲಿಯ ರಾಷ್ಟ್ರಪತಿಯ ಆದೇಶದ ಮೂಲಕ ಮನೆತನದ ಹೆಸರೇ ಪಿನಿನ್‌ಫರೀನಾ ಎಂದಾಯಿತು. ಮನೆಯ ಮುದ್ದಿನ ಹೆಸರು ಸರ್ಕಾರಿ ಕಾಗದದಲ್ಲಿ ಅಡ್ಡಹೆಸರಾಯಿತು. 1966ರ ಏಪ್ರಿಲ್ 3ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಪಿನಿನ್ ತೀರಿಕೊಂಡ. ಅದಕ್ಕೆ ಹಿಂದಿನ ತಿಂಗಳಷ್ಟೇ ಅವನು ತೊಡಗಿಕೊಂಡ ಕೊನೆಯ ಕಾರು, ಆಲ್ಫಾ ರೋಮಿಯೊ ಸ್ಪೈಡರ್, ಜಿನೀವಾದಲ್ಲಿ ಜನರ ಮುಂದೆ ಬಂದಿತ್ತು. 2015ರ ಕೊನೆಗೆ ಆ ಕಂಪನಿಯ ಹೆಚ್ಚಿನ ಪಾಲನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡದ್ದು ನಮ್ಮ ಮಹೀಂದ್ರ.

ಮಗನನ್ನು ಓದಿಸಿದ್ದನ್ನು ಅಪ್ಪನಿಗೆ ಹೇಳಿದೆ. ಹಾಗಿದ್ದರೆ ಓದು ಎಂದರು. ಓದುತ್ತೇನೆ, ಶನಿವಾರ ಮಾತ್ರ ಗ್ಯಾರೇಜಿಗೆ ಬಿಡಿ ಎಂದೆ. ಶನಿವಾರವೇ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತರಬೇತಿ. ವಾರಗಟ್ಟಲೆ ಎಳೆದಾಡಿ, ಒಂದು ಶನಿವಾರ ಅಲ್ಲಿ, ಒಂದು ಶನಿವಾರ ಇಲ್ಲಿ ಎಂದು ತೀರ್ಮಾನವಾಯಿತು.

ಮೇಸ್ತ್ರಿಗಳು ನನ್ನನ್ನು ಸೇರಿಸಿಕೊಂಡದ್ದು ಸುಲಭಕ್ಕಲ್ಲ. ಇಂಜಿನಿಯರಿಂಗ್ ಹುಡುಗರು ಎರಡು ದಿನ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ ಎಂಬುದು ಅವರ ಅನುಭವ. ಮೊದಲ ಮೂರು ಶನಿವಾರ ಹಳೆಯ ಬಣ್ಣ ಉಜ್ಜಿಸಿದರು. ಆಮೇಲೆ ಮರಳು ತುಂಬಿದ ಚೀಲ, ಮರದ ಸುತ್ತಿಗೆ, ಅಂಗೈ ಅಗಲದ ಅಲ್ಯೂಮಿನಿಯಂ ತುಂಡು ಕೊಟ್ಟು ಬಟ್ಟಲು ಮಾಡು ಎಂದರು. ನಾಲ್ಕು ಏಟಿಗೆ ತಗಡು ಗಟ್ಟಿಯಾಗಿ ಹಟ ಹಿಡಿಯಿತು. ಗ್ಯಾಸ್ ಉರಿಯ ಮಸಿಯನ್ನು ಅದರ ಮೇಲೆ ಬಳಿದು, ಆಮೇಲೆ ಮಸಿ ಮಾಯವಾಗುವವರೆಗೆ ಮಾತ್ರ ಕಾಯಿಸಿ, ತಣ್ಣಗಾಗಲು ಬಿಟ್ಟರು. ತಗಡು ಮತ್ತೆ ಮೆತ್ತಗಾಯಿತು. ಮೆಟೀರಿಯಲ್ ಸೈನ್ಸ್‌ನಲ್ಲಿ ಅನೀಲಿಂಗ್ ಬಗ್ಗೆ ಹತ್ತು ಅಂಕಕ್ಕೆ ಬರೆದಿದ್ದೆ. ಥರ್ಮಾಮೀಟರ್ ಇಲ್ಲದೆ ಮಸಿಯೇ ಅಳತೆಯಾಗುತ್ತದೆ ಎಂದು ಗೊತ್ತಿರಲಿಲ್ಲ.

ಹೆರಾಲ್ಡ್‌ನ ತುಕ್ಕು ಹಿಡಿದ ಜಾಗಕ್ಕೆ ಉಕ್ಕಿನ ತುಂಡು ಮಾಡುವ ಕೆಲಸ ಕಳೆದ ತಿಂಗಳು ನನ್ನ ಕೈಗೆ ಬಂತು. ಉತ್ಸಾಹದಲ್ಲಿ ನಡುವನ್ನು ಅತಿಯಾಗಿ ಬಡಿದೆ. ತಗಡು ಹಿಗ್ಗಿ, ಒತ್ತಿದರೆ ಎಣ್ಣೆ ಡಬ್ಬಿಯ ತಳದ ಹಾಗೆ ಟೊಕ್ ಎಂದು ಒಳಗೆ ಹೊರಗೆ ಆಡತೊಡಗಿತು. ಮೇಸ್ತ್ರಿಗಳು ಬೈಯಲಿಲ್ಲ. ಕಣ್ಣು ಮುಚ್ಚಿಸಿ, ಅಂಗೈಯನ್ನು ಅದರ ಮೇಲೆ ನಿಧಾನ ಎಳೆಸಿದರು. ಉಬ್ಬು ಎಲ್ಲಿ ಶುರು, ಎಲ್ಲಿ ಕೊನೆ ಎಂದು ಕೇಳಿದರು. ಎರಡು ಸಲ ತಪ್ಪು ಹೇಳಿದೆ. ಅವರ ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ, ಈ ಕೆಲಸಕ್ಕೆ ಬರುವುದಿಲ್ಲ. ಅವರಿಗೂ ಅವನು ಬರುವುದು ಬೇಡ. ಹಾಗಿದ್ದೂ ನನಗೆ ಏಕೆ ಕಲಿಸುತ್ತೀರಿ ಎಂದು ಕೇಳಿದ್ದಕ್ಕೆ, ಕೇಳಿಸಲಿಲ್ಲ ಎಂಬಂತೆ ಆ ಮಂದ ಕಿವಿಯನ್ನು ತೋರಿಸಿದರು.

ಆ ತುಂಡನ್ನು ಎಸೆದು ಹೊಸದನ್ನು ಕತ್ತರಿಸಿದ್ದೇನೆ. ಕಿವಿಗೆ ಪ್ಲಗ್ ಕೊಂಡಿದ್ದೇನೆ, ಅವರಿಗೂ ಒಂದು ಜೊತೆ ತಂದೆ, ಹಾಕಿಕೊಳ್ಳುವುದಿಲ್ಲ. ಬರುವ ಶನಿವಾರ ಕಾಲೇಜಿನ ಸರದಿ. ಅದರ ಮುಂದಿನ ಶನಿವಾರ ಬಾನೆಟ್ಟಿಗೆ ಆ ತುಂಡನ್ನು ಇಟ್ಟು ನೋಡಬೇಕು.