ಹೈಸ್ಕೂಲು ಹುಡುಕಿಕೊಂಡು ನಡೆದ ಹುಡುಗ, ವಿಜ್ಞಾನದ ಮೇಷ್ಟ್ರಾದ ಎಚ್ಚೆನ್

ದಾವಣಗೆರೆ: ಇಲ್ಲಿನ ಪಿ.ಜೆ. ಬಡಾವಣೆಯ ಮನೆಯೊಂದರಿಂದ ಬೆಳಿಗ್ಗೆ ಪುಸ್ತಕದ ಚೀಲ ಹೊತ್ತು ಹೊರಡುವ ಹುಡುಗನಿಗೆ ಹೈಸ್ಕೂಲು ಎಷ್ಟು ದೂರ ಎಂಬ ಪ್ರಶ್ನೆಯೇ ಏಳುವುದಿಲ್ಲ. ಯಾವ ಹೈಸ್ಕೂಲು, ಯಾವ ಮಾಧ್ಯಮ, ಸಂಜೆ ಯಾರ ಬಳಿ ಟ್ಯೂಷನ್ ಎಂಬುದಷ್ಟೇ ಮನೆಯವರ ಚರ್ಚೆ. ಸುತ್ತಲಿನ ಜಿಲ್ಲೆಗಳಿಂದ ಓದಲೆಂದೇ ಮಕ್ಕಳು ಬಂದು ನೆಲೆಸುವ ಊರು ಇದು. ಆದರೆ 1935ರಲ್ಲಿ, ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಂಬ ಹಳ್ಳಿಯ ಹುಡುಗನೊಬ್ಬನಿಗೆ ಹೈಸ್ಕೂಲು ಸುಮಾರು 85 ಕಿಲೋಮೀಟರ್ ದೂರದಲ್ಲಿತ್ತು. ಬಸ್ಸಿಗೆ ಕೊಡಲು ಹಣವಿರಲಿಲ್ಲ. ಎರಡು ದಿನ ನಡೆದು ಅವನು ಬೆಂಗಳೂರು ಸೇರಿದ.

ಆ ಹುಡುಗನೇ ಮುಂದೆ ನಾಡಿನಾದ್ಯಂತ ಎಚ್ಚೆನ್ ಎಂದೇ ಪರಿಚಿತರಾದ ಡಾ. ಎಚ್. ನರಸಿಂಹಯ್ಯ. ಭೌತಶಾಸ್ತ್ರದ ಅಧ್ಯಾಪಕ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ, ಪದ್ಮಭೂಷಣ ಪುರಸ್ಕೃತ. ಇವೆಲ್ಲಕ್ಕಿಂತ ಮಿಗಿಲಾಗಿ ಅವರು ಕೊನೆಯವರೆಗೂ ಮೇಷ್ಟ್ರಾಗಿಯೇ ಉಳಿದರು. ಹರಿಹರವಿರಲಿ, ಚನ್ನಗಿರಿಯಿರಲಿ, ನಮ್ಮ ಪ್ರತಿಯೊಂದು ಸಣ್ಣ ಊರಿನಲ್ಲೂ ಹಳೆಯ ವಿದ್ಯಾರ್ಥಿಗಳು ನೆನೆಯುವ ಒಬ್ಬ ವಿಜ್ಞಾನದ ಮೇಷ್ಟ್ರು ಇರುತ್ತಾರೆ. ಲಿಟ್ಮಸ್ ಕಾಗದ ಕೆಂಪಾಗುವುದನ್ನು ತೋರಿಸಿ, ಏಕೆ ಎಂದು ಕೇಳಿ, ಉತ್ತರ ಬರುವವರೆಗೂ ಸುಮ್ಮನೆ ನಿಲ್ಲುವವರು. ಎಚ್ಚೆನ್ ಪಾಠ ಹೇಳಿದ್ದು ರಾಜಧಾನಿಯ ಕಾಲೇಜಿನಲ್ಲಾದರೂ ಅವರು ಆ ಜಾತಿಗೇ ಸೇರಿದವರು. ಕೇಳುವ ಪ್ರಶ್ನೆಯನ್ನು ತರಗತಿಯ ಬಾಗಿಲಿನಿಂದಾಚೆಗೂ ಒಯ್ದದ್ದು ಅವರ ವಿಶೇಷ. ಅದಕ್ಕೆ ಅವರು ಬೆಲೆಯನ್ನೂ ತೆತ್ತರು.

ನರಸಿಂಹಯ್ಯನವರು ಜನಿಸಿದ್ದು 1920ರ ಜೂನ್ 6ರಂದು. ತಂದೆ ಹನುಮಂತಪ್ಪ, ತಾಯಿ ವೆಂಕಟಮ್ಮ. ಹಿಂದುಳಿದ ವರ್ಗಕ್ಕೆ ಸೇರಿದ, ತೀರಾ ಬಡತನದ ಕುಟುಂಬ. ತಾಯಿ ಕೂಲಿ ಮಾಡಿ ಮನೆ ನಡೆಸಿದವರು. ಊರಿನ ಶಾಲೆಯಲ್ಲಿ ಲಭ್ಯವಿದ್ದ ತರಗತಿಗಳು ಮುಗಿದ ಮೇಲೆ ಮುಂದೆ ಓದುವ ದಾರಿ ಇರಲಿಲ್ಲ. ಇಂಥ ಸಂದರ್ಭದಲ್ಲಿ ಎಷ್ಟೋ ಮಕ್ಕಳು ಓದು ಬಿಟ್ಟು ಹೊಲಕ್ಕೆ, ಕೂಲಿಗೆ ಹೋದರು. ಅವರ ಹೆಸರುಗಳು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನರಸಿಂಹಯ್ಯನವರ ಪಾಲಿಗೆ ಮಾತ್ರ ಒಬ್ಬ ಉಪಾಧ್ಯಾಯರಿದ್ದರು. ಊರಿನಲ್ಲಿ ಪಾಠ ಹೇಳಿದ್ದ ಮುಖ್ಯೋಪಾಧ್ಯಾಯ ಎಂ.ಎಸ್. ನಾರಾಯಣರಾವ್ ಆ ವೇಳೆಗೆ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಹಳೆಯ ಶಿಷ್ಯನನ್ನು ಅವರು ಮರೆಯಲಿಲ್ಲ. ಬಂದು ಸೇರುವಂತೆ ಕರೆಸಿಕೊಂಡರು. ಆ ಒಂದು ಕರೆ ಬಾರದಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ನ್ಯಾಷನಲ್ ಹೈಸ್ಕೂಲು ಸಾಮಾನ್ಯ ಶಾಲೆಯಾಗಿರಲಿಲ್ಲ. 1917ರಲ್ಲಿ ಆನಿ ಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣದ ಪ್ರೇರಣೆಯಿಂದ ಹುಟ್ಟಿದ ಸಂಸ್ಥೆ ಅದು. ಕೆ. ಸಂಪದ್ಗಿರಿ ರಾಯರಂಥ ಹಿರಿಯರು ಕಟ್ಟಿ ಬೆಳೆಸಿದ್ದ ಆ ಶಾಲೆಯಲ್ಲಿ ಖಾದಿ, ಹಿಂದಿ, ಸ್ವಾತಂತ್ರ್ಯದ ಮಾತುಗಳಿಗೆ ಜಾಗವಿತ್ತು. ಬಡ ವಿದ್ಯಾರ್ಥಿಗಳ ವಸತಿಗೃಹದಲ್ಲಿದ್ದುಕೊಂಡು ನರಸಿಂಹಯ್ಯ ಅಲ್ಲಿ ಓದಿದರು. 1936ರಲ್ಲಿ ಗಾಂಧೀಜಿ ಶಾಲೆಗೆ ಭೇಟಿಯಿತ್ತಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳುವ ಅವಕಾಶ ಈ ಹಳ್ಳಿಯ ಹುಡುಗನಿಗೆ ದೊರೆಯಿತು. ಆಗ ಅವರಿಗೆ ಹದಿನಾರರ ಆಸುಪಾಸು. ಮೈಮೇಲಿನ ಖಾದಿ, ತಲೆಯ ಮೇಲಿನ ಗಾಂಧಿ ಟೋಪಿ ಮತ್ತೆಂದೂ ಅವರನ್ನು ಬಿಡಲಿಲ್ಲ.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದಾಗ 1942ರ ಚಲೇಜಾವ್ ಚಳವಳಿ ಬಂದಿತು. ಪದವಿಯ ಅಂತಿಮ ಹಂತದಲ್ಲಿದ್ದ ಬಡ ವಿದ್ಯಾರ್ಥಿಯೊಬ್ಬ ಓದು ಬಿಟ್ಟು ಜೈಲಿಗೆ ಹೋಗುವುದೆಂದರೆ ಏನೆಂಬುದನ್ನು ಮಗನ ಸಂಬಳಕ್ಕೆ ಕಾಯುವ ಮನೆಯವರೇ ಬಲ್ಲರು. ನರಸಿಂಹಯ್ಯ ಹೋದರು. ಬೆಂಗಳೂರು, ಮೈಸೂರು ಹಾಗೂ ಯರವಡಾ ಜೈಲುಗಳನ್ನು ಕಂಡು ಮರಳಿ ಬಂದು, ಬಿಟ್ಟ ಪಾಠವನ್ನು ಮತ್ತೆ ಹಿಡಿದರು. 1946ರಲ್ಲಿ ಎಂ.ಎಸ್ಸಿ. ಪದವಿ ಪಡೆದು, ಅದೇ ವರ್ಷ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಕಾಲೇಜು ಆಗಿನ್ನೂ ಒಂದು ವರ್ಷದ ಕೂಸು.

ಹತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ನಂತರ ಅವರು ಅಮೆರಿಕಕ್ಕೆ ತೆರಳಿ, ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸಿ 1960ರಲ್ಲಿ ಪಿಎಚ್.ಡಿ. ಪಡೆದರು. ಆ ಕಾಲದಲ್ಲಿ ಆ ವಿಷಯದಲ್ಲಿ ಡಾಕ್ಟರೇಟ್ ಪಡೆದವರಿಗೆ ಅಲ್ಲೂ ಇಲ್ಲೂ ಬಾಗಿಲುಗಳು ತೆರೆದಿದ್ದವು. ಎಚ್ಚೆನ್ ನೇರವಾಗಿ ಬಸವನಗುಡಿಗೆ ಹಿಂತಿರುಗಿದರು. 1961ರಲ್ಲಿ ಪ್ರಾಂಶುಪಾಲರಾದರು. ಮದುವೆಯಾಗಲಿಲ್ಲ. ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದು ಕೊಠಡಿಯೇ ಅವರ ಮನೆಯಾಯಿತು. ಕುಲಪತಿಯಾದ ಕಾಲದಲ್ಲಿಯೂ ಅವರು ಆ ಕೊಠಡಿಯನ್ನು ಬಿಡಲಿಲ್ಲ. ಕುಲಪತಿಗಳ ಬಂಗಲೆ, ಕಾರು, ಆಳುಕಾಳುಗಳ ವೈಭವ ಕಂಡವರಿಗೆ ಇದು ವಿಚಿತ್ರವೆನಿಸಿದ್ದರೆ ಆಶ್ಚರ್ಯವಿಲ್ಲ.

1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆ ಮೇಲ್ನೋಟಕ್ಕೆ ಬಹಳ ಸರಳವಾದ ಏರ್ಪಾಡು. ಪ್ರತಿ ಬುಧವಾರ ಸಂಜೆ ಒಬ್ಬ ವಿಜ್ಞಾನಿ ಬಂದು ಮಾತನಾಡುವುದು, ಕೇಳಿದವರು ಪ್ರಶ್ನೆ ಹಾಕುವುದು, ಅಷ್ಟೇ. ಪ್ರವೇಶಕ್ಕೆ ಪದವಿ ಬೇಕಿಲ್ಲ, ಟಿಕೆಟ್ಟೂ ಇಲ್ಲ. ನಗರದ ಇನ್ನೊಂದು ತುದಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ಸಂಸ್ಥೆಯಿದ್ದರೂ ಅದರ ಗೇಟು ದಾಟುವ ಧೈರ್ಯ ಸಾಮಾನ್ಯರಿಗೆ ಇರಲಿಲ್ಲ. ಅಲ್ಲಿನ ವಿಜ್ಞಾನಿಗಳನ್ನೇ ಬಸವನಗುಡಿಗೆ ಕರೆತಂದು, ಗುಮಾಸ್ತರು, ಶಾಲಾ ಉಪಾಧ್ಯಾಯರು, ವಿದ್ಯಾರ್ಥಿಗಳ ಎದುರು ನಿಲ್ಲಿಸಿದ್ದು ಎಚ್ಚೆನ್ ಅವರ ಚಾತುರ್ಯ. ದೊಡ್ಡ ಉದ್ಘಾಟನೆ ಕಂಡು ಎರಡನೆಯ ವರ್ಷಕ್ಕೇ ಕಣ್ಮರೆಯಾಗುವ ವೇದಿಕೆಗಳನ್ನು ವರದಿಗಾರರಾದ ನಾವು ಎಷ್ಟೋ ಕಂಡಿದ್ದೇವೆ. ಇದು ಸ್ಥಾಪಕರ ಕಾಲದ ನಂತರವೂ ನಡೆದುಬಂದಿತು.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಸಂಗೀತ, ನೃತ್ಯ, ನಾಟಕಗಳನ್ನು ವಿಶ್ವವಿದ್ಯಾಲಯದ ಅಧ್ಯಯನ ವಿಷಯಗಳನ್ನಾಗಿ ತಂದದ್ದು ಇದೇ ಅವಧಿಯಲ್ಲಿ. ವಿಜ್ಞಾನಿಯೆಂದರೆ ಒಣ ಮನುಷ್ಯ ಎಂದು ಭಾವಿಸಿದವರಿಗೆ ಇದು ಉತ್ತರವಾಗಿತ್ತು. ಆದರೆ ಆ ಐದು ವರ್ಷಗಳಲ್ಲಿ ಜನರ ನೆನಪಿನಲ್ಲಿ ಉಳಿದದ್ದು 1976ರ ಒಂದು ಸಮಿತಿ.

ಪವಾಡಗಳು ಮತ್ತು ಪರೀಕ್ಷೆಗೆ ಒಳಪಡಿಸಬಹುದಾದ ಇತರ ಮೂಢನಂಬಿಕೆಗಳನ್ನು ತನಿಖೆ ಮಾಡಲು ವಿಶ್ವವಿದ್ಯಾಲಯವೇ ರಚಿಸಿದ ಸಮಿತಿ ಅದು. ಅಧ್ಯಕ್ಷರು ಸ್ವತಃ ಕುಲಪತಿಗಳು. ಇದಕ್ಕೂ ಮೊದಲು, ಕೇರಳ ಮೂಲದವರಾಗಿ ಶ್ರೀಲಂಕೆಯಲ್ಲಿ ಸಸ್ಯಶಾಸ್ತ್ರ ಬೋಧಿಸಿ ನಿವೃತ್ತರಾಗಿದ್ದ ಅಬ್ರಹಾಂ ಕೋವೂರ್ ಅವರು ಪವಾಡ ತೋರಿಸಿದವರಿಗೆ ಬಹುಮಾನ ಘೋಷಿಸಿ ಊರೂರು ಸುತ್ತಿದ್ದುಂಟು. ಆದರೆ ಕೋವೂರ್ ಅವರದು ವ್ಯಕ್ತಿಯೊಬ್ಬರ ಸವಾಲು. ಒಂದು ವಿಶ್ವವಿದ್ಯಾಲಯ ತನ್ನ ಹೆಸರನ್ನೇ ಪಣಕ್ಕಿಟ್ಟು ಬಾಬಾಗಳ ಬಾಗಿಲಿಗೆ ಹೋಗುವುದು ಬೇರೆಯೇ ಮಾತು. ಕುಲಪತಿಗಳಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಕೇಳಿದವರು ಅನೇಕರು. ಪ್ರಶ್ನಿಸುವುದನ್ನು ಕಲಿಸುವುದೇ ವಿಶ್ವವಿದ್ಯಾಲಯದ ಕೆಲಸವೆಂಬುದು ಎಚ್ಚೆನ್ ಅವರ ನಿಲುವಾಗಿತ್ತು.

ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಎಚ್ಚೆನ್ ಮೂರು ಪತ್ರಗಳನ್ನು ಬರೆದರು. ಪುಟ್ಟಪರ್ತಿ ಗೌರಿಬಿದನೂರು ಸೀಮೆಗೆ ಬಹಳ ದೂರದ ಊರೇನಲ್ಲ. ಭಕ್ತರಲ್ಲಿ ನ್ಯಾಯಾಧೀಶರು, ವಿಜ್ಞಾನಿಗಳು, ಮಂತ್ರಿಗಳೂ ಇದ್ದ ಕಾಲ. ಸಮಿತಿಯ ಎದುರು, ಒಪ್ಪಿತ ನಿಬಂಧನೆಗಳಡಿ, ಶೂನ್ಯದಿಂದ ವಸ್ತುಗಳನ್ನು ಸೃಷ್ಟಿಸಿ ತೋರಿಸಬೇಕೆಂಬುದು ಪತ್ರಗಳ ಸಾರ. ಉತ್ತರ ಬರಲಿಲ್ಲ. ಅದೇ ವರ್ಷ ‘ಬ್ಲಿಟ್ಜ್’ ವಾರಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ ಬಾಬಾ ಅವರು, ಇಂದ್ರಿಯಗಳಿಗೆ ಎಟಕುವುದಕ್ಕೆ ಸೀಮಿತವಾದ ವಿಜ್ಞಾನವು ಆಧ್ಯಾತ್ಮಿಕ ಶಕ್ತಿಯನ್ನು ಅಳೆಯಲಾರದು ಎಂಬ ವಾದವನ್ನು ಮುಂದಿಟ್ಟರು. ಎಚ್ಚೆನ್ ಅಳೆಯಬಯಸಿದ್ದು ಆಧ್ಯಾತ್ಮವನ್ನಲ್ಲ, ಕೈಯಲ್ಲಿ ಕಾಣಿಸಿಕೊಳ್ಳುವ ಉಂಗುರ ಮತ್ತು ವಿಭೂತಿಯನ್ನು. ಅವುಗಳಿಗೆ ತೂಕವಿದೆ, ಗಾತ್ರವಿದೆ. ಎಲ್ಲಿಂದ ಬಂದವು ಎಂದು ಕೇಳುವ ಹಕ್ಕು ಭೌತಶಾಸ್ತ್ರದ ಮೇಷ್ಟ್ರಿಗಿದೆ.

ಸಮಿತಿಗೆ ಸ್ಪಷ್ಟ ಫಲ ದೊರೆತದ್ದು ಮೈಸೂರು ಸಮೀಪದ ಪಾಂಡವಪುರದಲ್ಲಿ. ಅಲ್ಲಿ ಸಾಯಿಕೃಷ್ಣ ಎಂದು ಪ್ರಸಿದ್ಧನಾಗಿದ್ದ ಎಳೆಯ ಬಾಲಕನೊಬ್ಬನ ಮೈಯಿಂದ ವಿಭೂತಿ ಉದುರುತ್ತದೆಂದು ಜನ ಸಾಲುಗಟ್ಟಿ ಬರುತ್ತಿದ್ದರು. ಸಮಿತಿ ಸ್ಥಳಕ್ಕೆ ಹೋಗಿ ಪರೀಕ್ಷಿಸಿದಾಗ, ವಿಭೂತಿ ಬಾಲಕನ ಬಟ್ಟೆಯೊಳಗೆ ಅಡಗಿಸಿಟ್ಟದ್ದೆಂಬುದು ಬಯಲಾಯಿತು. ಇಂಥ ಪವಾಡಗಳ ಹಿಂದಿನ ತಂತ್ರ ಸಾಮಾನ್ಯವಾಗಿ ಇಷ್ಟೇ ಸರಳವಾಗಿರುತ್ತದೆ. ಬೂದಿಯನ್ನು ಗಂಜಿಯಲ್ಲಿ ಕಲಸಿ ಗುಳಿಗೆ ಮಾಡಿ ಒಣಗಿಸಿ, ಬೆರಳ ಸಂದಿಯಲ್ಲಿಟ್ಟುಕೊಂಡು, ಬೇಕಾದಾಗ ಹಿಸುಕಿದರೆ ಪುಡಿಯಾಗಿ ಉದುರುತ್ತದೆ. ವಿಚಾರವಾದಿಗಳು ಇದನ್ನು ಶಾಲೆಗಳಲ್ಲಿ ಮಾಡಿ ತೋರಿಸುತ್ತ ಬಂದಿದ್ದಾರೆ.

ಆದರೂ ಪಾಂಡವಪುರದ ಪ್ರಸಂಗದಲ್ಲಿ ಒಂದು ಮುಜುಗರವಿದೆ. ಬಯಲಿಗೆ ಬಂದದ್ದು ಹಿರಿಯರು ವೇಷ ತೊಡಿಸಿ ಕೂರಿಸಿದ್ದ ಒಂದು ಮಗು. ಪ್ರಭಾವಿಗಳ ಬಾಗಿಲು ಮಾತ್ರ ಸಮಿತಿಗೆ ತೆರೆಯಲಿಲ್ಲ. ಯಾರನ್ನೂ ಬಲವಂತವಾಗಿ ಪರೀಕ್ಷೆಗೆ ಕರೆತರುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. 1977ರಲ್ಲಿ ಎಚ್ಚೆನ್ ಹುದ್ದೆಯಿಂದ ಇಳಿಯುವುದರೊಂದಿಗೆ ಸಮಿತಿಯ ಕೆಲಸವೂ ನಿಂತಿತು. ಇದನ್ನು ಸೋಲೆಂದು ಕರೆದವರಿದ್ದಾರೆ. ಆ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ; ಆದರೆ ಪರೀಕ್ಷೆಗೆ ಬನ್ನಿ ಎಂಬ ಸಾರ್ವಜನಿಕ ಕರೆ ಮತ್ತು ಅದಕ್ಕೆ ದೊರೆತ ಮೌನ, ಇವೆರಡನ್ನೂ ನಾಡು ಒಟ್ಟಿಗೆ ಕಂಡಿತೆಂಬುದನ್ನು ಮರೆಯಬಾರದು.

ಎಂಥ ವಾತಾವರಣದಲ್ಲಿ ಈ ಕೆಲಸ ನಡೆಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ಪಥ ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ದೇಶವಿದೇಶಗಳ ವಿಜ್ಞಾನಿಗಳು ಅದನ್ನು ನೋಡಲು ಬಂದರು. ನಮ್ಮ ಜನ ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತರು. ಬರಿಗಣ್ಣಿನಿಂದ ನೋಡುವುದು ಅಪಾಯವೆಂಬುದು ನಿಜ. ಆದರೆ ಬೀದಿಗಳು ಬರಿದಾದದ್ದು ಕಣ್ಣಿನ ಕಾಳಜಿಯಿಂದಷ್ಟೇ ಅಲ್ಲ. ಇನ್ನು ನಮ್ಮ ವೃತ್ತಿಯ ಮಾತು: ಎಚ್ಚೆನ್ ಅವರನ್ನು ಕುರಿತು ಲೇಖನ ಪ್ರಕಟಿಸುವ ಪತ್ರಿಕೆಗಳು ಅದೇ ಸಂಚಿಕೆಯಲ್ಲಿ ದಿನಭವಿಷ್ಯವನ್ನೂ ಪ್ರಕಟಿಸುತ್ತ ಬಂದಿವೆ. ಅದನ್ನು ಇಲ್ಲಿ ಮುಚ್ಚಿಡುವುದು ಅವರಿಗೆ ಮಾಡುವ ಅವಮಾನವಾದೀತು.

ರಾಜ್ಯ ವಿಧಾನಮಂಡಲ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರದ ತಡೆಗಾಗಿ ಕಾನೂನು ಮಾಡಿದ್ದು 2017ರಲ್ಲಿ. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಎಚ್ಚೆನ್ ಅವರ ಸಮಿತಿ ರಚನೆಯಾಗಿ ಆ ವೇಳೆಗೆ ನಾಲ್ಕು ದಶಕಗಳೇ ಕಳೆದಿದ್ದವು. ಕಾನೂನು ವಂಚಕನನ್ನು ಶಿಕ್ಷಿಸಬಲ್ಲದು. ವಂಚನೆಗೆ ಒಳಗಾಗದ ಮನಸ್ಸು ತಯಾರಾಗಬೇಕಾದದ್ದು ಎಂಟನೆಯ, ಒಂಬತ್ತನೆಯ ತರಗತಿಯ ವಿಜ್ಞಾನದ ಪಾಠದಲ್ಲಿ.

ಎಚ್ಚೆನ್ ಅವರ ದೃಷ್ಟಿ ಕೊನೆಗೆ ಮರಳಿದ್ದೂ ಅಲ್ಲಿಗೇ. ನ್ಯಾಷನಲ್ ಶಿಕ್ಷಣ ಸಂಸ್ಥೆಯ ಅಧ್ಯಕ್ಷರಾಗಿ ಅವರು ಸಂಸ್ಥೆಯನ್ನು ಬೆಂಗಳೂರಿನಾಚೆಗೆ ಕೊಂಡೊಯ್ದರು. ಗೌರಿಬಿದನೂರು, ಬಾಗೇಪಲ್ಲಿಗಳಂಥ ಗಡಿ ತಾಲ್ಲೂಕುಗಳಲ್ಲಿ ನ್ಯಾಷನಲ್ ಹೆಸರಿನ ಶಾಲೆ, ಕಾಲೇಜುಗಳು ಬಂದವು. ಮಳೆ ಕಡಿಮೆ, ಸಾಲ ಹೆಚ್ಚು, ಆಂಧ್ರದ ಗಡಿಗೆ ಅಂಟಿಕೊಂಡ ಸೀಮೆ ಅದು. ಲಾಭದ ಲೆಕ್ಕ ಹಾಕುವ ಯಾವ ಆಡಳಿತ ಮಂಡಳಿಯೂ ಅಲ್ಲಿ ಶಾಲೆ ತೆರೆಯಲು ಮುಂದಾಗುತ್ತಿರಲಿಲ್ಲ. ಒಂದು ಕಾಲದಲ್ಲಿ ಹೈಸ್ಕೂಲಿಲ್ಲದೆ ತಾವೇ ಬಿಟ್ಟು ನಡೆದಿದ್ದ ಹೊಸೂರಿಗೂ ಹೈಸ್ಕೂಲು ಬಂದಿತು.

ವಿಧಾನ ಪರಿಷತ್ತಿನ ಸದಸ್ಯತ್ವ, ಪ್ರಶಸ್ತಿ, ಸನ್ಮಾನಗಳು ಬಂದವು. ಅವುಗಳ ಪಟ್ಟಿ ಇಲ್ಲಿ ಬೇಡ. ‘ಹೋರಾಟದ ಹಾದಿ’ ಎಂಬ ಆತ್ಮಕಥೆಯಲ್ಲಿ ಅವರು ತಮ್ಮ ಬದುಕನ್ನು ಸರಳ ಕನ್ನಡದಲ್ಲಿ ಹೇಳಿಕೊಂಡಿದ್ದಾರೆ. ‘ತೆರೆದ ಮನ’ದ ಲೇಖನಗಳನ್ನು ಓದಿದವರಿಗೆ, ಎಚ್ಚೆನ್ ಬರೆಯುವಾಗಲೂ ಕಪ್ಪುಹಲಗೆಯ ಮುಂದೆ ನಿಂತಂತೆಯೇ ಇದ್ದರೆಂಬುದು ಹೊಳೆಯುತ್ತದೆ.

2005ರ ಜನವರಿ 31ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಆಗ ಅವರಿಗೆ 84 ವರ್ಷ. ಎರಡು ವರ್ಷಗಳ ನಂತರ, 2007ರಲ್ಲಿ, ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಯಿತು. ಹೊಸೂರು ಈಗ ಆ ಜಿಲ್ಲೆಯ ಊರು. ಅಲ್ಲಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕೆಲವೇ ತಾಸುಗಳ ಹಾದಿ.