ದಾನಚಿಂತಾಮಣಿ ಅತ್ತಿಮಬ್ಬೆ: ನಡುವೆ ಬಿಡದ ವ್ರತ

ವ್ರತವನ್ನು ಸ್ವೀಕರಿಸುವ ದಿನ ಎಲ್ಲರ ಮನಸ್ಸೂ ಹಗುರವಾಗಿರುತ್ತದೆ. ಅಭಿಷೇಕ, ಪೂಜೆ, ಬಂಧುಜನರ ಮೆಚ್ಚುಗೆ ಇವೆಲ್ಲವೂ ಸೇರಿ ಉತ್ಸಾಹವನ್ನು ತುಂಬುತ್ತವೆ. ದಶಲಕ್ಷಣ ಪರ್ವದ ಐದಾರನೆಯ ದಿನ ನಾಲಗೆ ಒಣಗಿ ಕಾಲು ಸೋತಾಗಲೇ ನಿಜವಾದ ಪರೀಕ್ಷೆ. ಇಷ್ಟು ಸಾಕು, ಇನ್ನು ನನ್ನಿಂದಾಗದು ಎಂದು ಮನಸ್ಸು ಆಗ ಹೇಳತೊಡಗುತ್ತದೆ. ನಮ್ಮ ಶಿರಾ, ಪಾವಗಡ ಸೀಮೆಯ ರೈತನಿಗೆ ಈ ಸ್ಥಿತಿ ಹೊಸದಲ್ಲ. ಬಿತ್ತಿದ ಕಡಲೆಕಾಯಿ ಮಳೆಯಿಲ್ಲದೆ ಬಾಡಿದುದನ್ನು ಕಂಡ ಮೇಲೂ ಆತನು ಮರುವರ್ಷ ಕೂರಿಗೆ ಹಿಡಿಯುತ್ತಾನೆ. ಉತ್ಸಾಹ ಬಂದ ಮೇಲೆ ಬಿತ್ತುತ್ತೇನೆಂದು ಕುಳಿತರೆ ಹದ ಕಾಯುವುದಿಲ್ಲವೆಂಬುದು ಆತನಿಗೆ ತಿಳಿದಿದೆ. ಇದೇ ತಿಳಿವನ್ನು ಸಾವಿರ ವರ್ಷಗಳ ಹಿಂದೆ ಒಬ್ಬ ಶ್ರಾವಿಕೆಯು ತನ್ನ ಬಾಳಿನಲ್ಲಿ ನಡೆಸಿ ತೋರಿದಳು. ಆಕೆಯೇ ದಾನಚಿಂತಾಮಣಿ ಅತ್ತಿಮಬ್ಬೆ.

ಅತ್ತಿಮಬ್ಬೆಯ ತಂದೆ ಮಲ್ಲಪಯ್ಯ. ಆತನ ಸೋದರ ಪುನ್ನಮಯ್ಯ. ತಮ್ಮ ಗುರುಗಳಾದ ಜಿನಚಂದ್ರದೇವರ ನೆನಪಿಗಾಗಿ ಮಹಾಕವಿ ಪೊನ್ನನಿಂದ ಶಾಂತಿಪುರಾಣವನ್ನು ರಚಿಸಿಸಿದವರು ಈ ಸೋದರರೇ. ಶಾಸ್ತ್ರಭಕ್ತಿಯು ಆ ಮನೆಯಲ್ಲಿ ದಿನದ ಅನ್ನದಷ್ಟೇ ಸಹಜವಾಗಿತ್ತು. ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿ ಧಲ್ಲಪನ ಮಗನಾದ ನಾಗದೇವನಿಗೆ ಕೊಟ್ಟು ವಿವಾಹ ಮಾಡಿದರು. ನಾಗದೇವನು ವೀರನಾದ ದಂಡನಾಯಕ. ಅಣ್ಣಿಗದೇವನೆಂಬ ಮಗನು ಅತ್ತಿಮಬ್ಬೆಗೆ ಹುಟ್ಟಿದನು. ಐಶ್ವರ್ಯ, ಅಧಿಕಾರ, ಧರ್ಮಶ್ರದ್ಧೆ ಮೂರೂ ಒಂದೆಡೆ ನೆಲೆಸಿದ್ದ ಸಂಸಾರವದು.

ನಾಗದೇವನು ಯುದ್ಧದಲ್ಲಿ ಮಡಿದನು. ಗುಂಡಮಬ್ಬೆಯು ಪತಿಯೊಡನೆ ಚಿತೆಯನ್ನೇರಿದಳು. ಒಂದೇ ದಿನ ಪತಿಯನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯ ಮುಂದೆ ಅದೇ ಬೆಂಕಿ ಉರಿಯುತ್ತಿತ್ತು. ಅಂದಿನ ಲೋಕವು ಅದನ್ನು ಹೊಗಳುತ್ತಲೂ ಇತ್ತು. ಆದರೆ ಆಕೆ ಮಗುವಿನೊಡನೆ ಬದುಕಿ ಉಳಿದಳು.

ಈ ನಿಲುವಿನ ಬೆಲೆಯನ್ನು ಶಾಸ್ತ್ರದೃಷ್ಟಿಯಿಂದ ಅರಿಯಬೇಕು. ಗುಂಡಮಬ್ಬೆಯ ದುಃಖವನ್ನು ಹಳಿಯುವ ಅಧಿಕಾರ ನಮಗಿಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೆಂಕಿಗೆ ಬೀಳುವುದನ್ನು ಲೋಕಮೂಢತೆಯಲ್ಲಿ ಸೇರಿಸಿದ್ದಾರೆ. ಸಲ್ಲೇಖನಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಮಾತ್ರ, ಶಾಂತಚಿತ್ತದಿಂದ, ಧರ್ಮಕ್ಕಾಗಿ ಅದನ್ನು ಕೈಗೊಳ್ಳಬೇಕೆಂಬುದು ಅವರ ವಿಧಿ. ಪ್ರಿಯರನ್ನು ಅಗಲಿದ ಸಂಕಟದಲ್ಲೇ ಮನಸ್ಸು ಮುಳುಗಿರುವುದು ಇಷ್ಟವಿಯೋಗಜ ಆರ್ತಧ್ಯಾನ. ಅಂಥ ಧ್ಯಾನದಲ್ಲಿರುವಾಗ ಬಾಳನ್ನು ಬಿಡುವ ನಿರ್ಧಾರವೂ ಸಲ್ಲದು, ವ್ರತವನ್ನು ಬಿಡುವ ನಿರ್ಧಾರವೂ ಸಲ್ಲದು.

ಹಾಗಾದರೆ ಅತ್ತಿಮಬ್ಬೆ ಮಾಡಿದ್ದೇನು? ಜಿನಪೂಜೆ, ಉಪವಾಸ, ದಾನಗಳನ್ನು ದಿನಚರಿಯಾಗಿಸಿಕೊಂಡಳು. ತಂದೆಯವರು ಬರೆಸಿದ್ದ ಶಾಂತಿಪುರಾಣವನ್ನು ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಮುದ್ರಣವಿಲ್ಲದ ಕಾಲವದು. ಓಲೆಗರಿಯನ್ನು ಹದಮಾಡಿ, ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆದು, ಕಾಡಿಗೆ ಹಚ್ಚಿ ಒರೆಸಬೇಕು. ಹನ್ನೆರಡು ಆಶ್ವಾಸಗಳ ಕಾವ್ಯ, ಸಾವಿರ ಪ್ರತಿ. ಎಂದರೆ ಹನ್ನೆರಡು ಸಾವಿರ ಆಶ್ವಾಸಗಳ ಬರವಣಿಗೆ! ಮೊದಲ ಗರಿಯನ್ನು ಕೊರೆಯುವಾಗ ಸಾವಿರದ ಪ್ರತಿ ಯಾರ ಕಣ್ಣಿಗೂ ಕಾಣದು. ಇಂದಿನ ಗರಿ ಮುಗಿಯಿತೇ ಎಂದಷ್ಟೇ ನೋಡುತ್ತ ಹೋದರೆ ಮಾತ್ರ ಅಂಥ ಕಾರ್ಯ ಕೊನೆಗಾಣುತ್ತದೆ. ಚಿನ್ನ ಮತ್ತು ರತ್ನಗಳ 1500 ಜಿನಪ್ರತಿಮೆಗಳನ್ನೂ ಆಕೆ ಮಾಡಿಸಿ ಕೊಟ್ಟಳೆಂದು ಪ್ರಸಿದ್ಧಿಯಿದೆ.

ಆಕೆಯ ಆಶ್ರಯದಲ್ಲಿ ಕವಿಚಕ್ರವರ್ತಿ ರನ್ನನು 993ರಲ್ಲಿ ಅಜಿತಪುರಾಣವನ್ನು ಪೂರ್ಣಗೊಳಿಸಿದನು. 1007ರಲ್ಲಿ, ಸತ್ಯಾಶ್ರಯ ಇರಿವಬೆಡಂಗನ ಆಳ್ವಿಕೆಯಲ್ಲಿ, ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಆಕೆ ಕಟ್ಟಿಸಿದ ಸಂಗತಿಯನ್ನು ಶಾಸನವು ಸಾರುತ್ತದೆ. ಈ ಎರಡು ಕಾರ್ಯಗಳ ನಡುವೆಯೇ ಹದಿನಾಲ್ಕು ವರ್ಷಗಳು ಕಳೆದಿವೆ. ಶೋಕದ ಮೊದಲ ಆವೇಗದಲ್ಲಿ ದಾನ ಮಾಡುವವರು ಹಲವರು. ಆವೇಗವು ಇಳಿದು ಎಷ್ಟೋ ವರ್ಷಗಳಾದ ಮೇಲೂ ಕೈಯನ್ನು ಹಿಂದೆಗೆಯದವರು ವಿರಳ. ದಾನಚಿಂತಾಮಣಿ ಎಂಬ ಬಿರುದು ಆಕೆಗೆ ಸಂದದ್ದು ಇಂಥ ನಿರಂತರತೆಗೇ.

ಉಪವಾಸವ್ರತಿಗಳು ವಿಶೇಷವಾಗಿ ನೆನೆಯಬೇಕಾದ ಪ್ರಸಂಗವೊಂದು ಆಕೆಯ ಚರಿತೆಯಲ್ಲಿದೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ದರ್ಶನವಾಗುವವರೆಗೆ ಆಹಾರವನ್ನು ಸ್ವೀಕರಿಸೆನೆಂದು ಆಕೆ ನಿಯಮ ತೊಟ್ಟಳು. ಬೆಟ್ಟವನ್ನೇರಿ ಬಳಲಿದಾಗ ಅಕಾಲದಲ್ಲಿ ಮಳೆ ಸುರಿದು ಆಕೆಯ ದಣಿವನ್ನು ಆರಿಸಿತೆಂದು ಪರಂಪರೆ ಹೇಳುತ್ತದೆ. ಮಳೆಯನ್ನು ಮಾತ್ರ ಕಂಡು ನಾವು ಬೆರಗಾಗುತ್ತೇವೆ. ಆದರೆ ಮಳೆ ಬರುವುದೆಂದು ಆಕೆ ಬೆಟ್ಟವನ್ನೇರಲಿಲ್ಲ. ತಂಪು ದೊರೆತದ್ದು ಹೆಜ್ಜೆಗಳನ್ನಿಟ್ಟ ಮೇಲೆ.

ಧರ್ಮಬಂಧುಗಳೇ, ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೂ ಒಂದು. ಜಾರುತ್ತಿರುವವನನ್ನು ಮತ್ತೆ ಧರ್ಮದಲ್ಲಿ ನಿಲ್ಲಿಸುವುದೇ ಅದು. ಅದನ್ನು ಇತರರ ವಿಷಯದಲ್ಲಿ ಮಾತ್ರವಲ್ಲ, ತನ್ನ ವಿಷಯದಲ್ಲೂ ಆಚರಿಸಬೇಕು. ಶಕ್ತಿಯನ್ನು ಅಳೆದುಕೊಂಡೇ ವ್ರತವನ್ನು ಹಿಡಿಯಿರಿ. ಉಪವಾಸಕ್ಕೆ ದೇಹ ಒಪ್ಪದವರಿಗೆ ಏಕಾಶನವಿದೆ. ಮನಸ್ಸು ಕುಗ್ಗಿದ ರಾತ್ರಿಯಲ್ಲಿ ಬಿಡುವ ತೀರ್ಮಾನ ಮಾಡದಿರಿ. ಬೆಳಗಿನ ಜಿನದರ್ಶನದವರೆಗೆ ತಡೆಯಿರಿ. ವ್ರತವು ಒಮ್ಮೆ ಭಂಗವಾದರೆ ಎಲ್ಲವೂ ಮುಗಿಯಿತೆಂದು ತಿಳಿಯದೆ, ಪ್ರಾಯಶ್ಚಿತ್ತವನ್ನು ಪಡೆದು ಮರಳಿ ನಿಲ್ಲಿರಿ. ನೆರೆಮನೆಯ ವ್ರತಿಯು ಸೋತು ಕುಳಿತಿದ್ದರೆ ಹಂಗಿಸದೆ ಪಕ್ಕದಲ್ಲಿ ಕುಳಿತು ಸ್ವಾಧ್ಯಾಯ ಮಾಡಿರಿ.

ಲಕ್ಕುಂಡಿಯ ಆ ಜಿನಾಲಯವು ಇಂದಿಗೂ ನಿಂತಿದೆ. ಅದನ್ನು ಕಾಣಲು ಹೋದವರು ಕಲ್ಲಿನ ಕುಸುರಿಯನ್ನು ಮೆಚ್ಚಿ ಮರಳುವುದು ಸಹಜ. ಅದರೊಂದಿಗೆ, ಚಿತೆಯ ಮುಂದಿನಿಂದ ಮಗುವನ್ನು ಕರೆದುಕೊಂಡು ಮನೆಗೆ ಮರಳಿದ ಆ ತಾಯಿಯ ಮೊದಲ ಹೆಜ್ಜೆಯನ್ನೂ ನೆನೆಯಬೇಕು. ಆ ಹೆಜ್ಜೆಯಿಲ್ಲದಿದ್ದರೆ ಅಲ್ಲಿ ಆಕೆಯ ಜಿನಾಲಯವಿರುತ್ತಿರಲಿಲ್ಲ.