ಅಕ್ಕನಾಗಮ್ಮನವರೂ ಇಂದಿನ ಮಕ್ಕಳ ಎದೆಗಾರಿಕೆಯೂ

ಕಳೆದ ವಾರ ಕಾರ್ಯನಿಮಿತ್ತವಾಗಿ ನಾವು ಹುಮನಾಬಾದ ತಾಲೂಕಿನ ಹುಡಗಿ ಗ್ರಾಮಕ್ಕೆ ಹೋಗಿದ್ದೆವು. ಇಳಿದುಕೊಂಡ ಮನೆಯಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬನು ಪರೀಕ್ಷೆಯಲ್ಲಿ ಅಂಕಗಳು ಕಡಿಮೆ ಬಂದುವೆಂದು ಎರಡು ದಿನಗಳಿಂದ ಮುಸುಕು ಹೊದ್ದು ಮಲಗಿದ್ದನು. ತಾಯಿಯು ಒಂದು ಕೈಯಲ್ಲಿ ಊಟದ ತಾಟು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಅವನನ್ನು ಓಲೈಸುತ್ತಿದ್ದಳು. ಅತಿವೃಷ್ಟಿಯಿಂದ ತೊಗರಿಯ ಬೆಳೆ ಹಾಳಾಗಿ ತಂದೆಯು ಸಾಲಕ್ಕೆ ಸಿಕ್ಕಿದ್ದನು. ಆದರೆ ಮಗನ ಮನಸ್ಸು ನೊಂದೀತೆಂದು ಆ ಸುದ್ದಿಯನ್ನು ಮನೆಯವರೆಲ್ಲರೂ ಅವನಿಂದ ಮರೆಮಾಡಿದ್ದರು. ಮಕ್ಕಳು ಇಷ್ಟು ಬೇಗನೆ ಕುಗ್ಗಿಹೋಗುವದಕ್ಕೆ ಕಾರಣವೇನೆಂದು ಆ ತಾಯಿಯು ನಮ್ಮನ್ನು ಕೇಳಿದಳು. ಪತ್ರಿಕೆಯವರಿಗೆ ಎಲ್ಲವೂ ತಿಳಿದಿರುವದೆಂದು ಜನರ ನಂಬಿಕೆ. ನಮಗೆ ಆ ಹೊತ್ತಿಗೆ ಉತ್ತರವು ಹೊಳೆಯಲಿಲ್ಲ. ಮರುದಿವಸ ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮನ ಗವಿಯ ಮುಂದೆ ನಿಂತಾಗ ಹೊಳೆಯಿತು.

ಅಕ್ಕನಾಗಮ್ಮನವರನ್ನು ನಮ್ಮ ಜನರು ಬಸವೇಶ್ವರರ ಅಕ್ಕನೆಂದೂ ಚೆನ್ನಬಸವೇಶ್ವರರ ತಾಯಿಯೆಂದೂ ಬಲ್ಲರು. ಈ ಎರಡು ದೊಡ್ಡ ಹೆಸರುಗಳ ನಡುವೆ ಆಕೆಯ ಸ್ವಂತ ಬಾಳು ಮರೆಯಾಗಿದೆ. ಬಾಗೇವಾಡಿಯ ಅಗ್ರಹಾರದಲ್ಲಿ ಮಾದರಸ ಮಾದಲಾಂಬಿಕೆಯರ ಮಗಳಾಗಿ ಹುಟ್ಟಿದ ನಾಗಮ್ಮನವರು, ತಮ್ಮನು ಉಪನಯನವನ್ನು ಒಲ್ಲೆನೆಂದು ಮನೆ ಬಿಟ್ಟಾಗ ಕುಲದ ಪಕ್ಷವನ್ನು ವಹಿಸಲಿಲ್ಲ, ತಮ್ಮನ ಪಕ್ಷವನ್ನು ವಹಿಸಿದರು ಎಂದು ಪರಂಪರೆಯು ಹೇಳುತ್ತದೆ. ಕೃಷ್ಣೆ ಮಲಾಪಹಾರಿಗಳು ಕೂಡುವ ಕೂಡಲಸಂಗಮದಲ್ಲಿಯೂ ಆಮೇಲೆ ಬಿಜ್ಜಳನ ರಾಜಧಾನಿಯಾದ ಕಲ್ಯಾಣದಲ್ಲಿಯೂ ಅವರು ಬಸವೇಶ್ವರರ ಬೆನ್ನಿಗೆ ನಿಂತವರು. ಪತಿಯ ಹೆಸರು ಶಿವಸ್ವಾಮಿ. ಮಗನ ಜನನದ ವಿಷಯವಾಗಿ ಪುರಾಣಕಾರರು ಹೇಳಿದ ಪವಾಡಗಳನ್ನು ನಾವಿಲ್ಲಿ ಚರ್ಚಿಸುವದಿಲ್ಲ. ಹೆತ್ತ ಮೇಲೆ ಸಾಕಿದ ಬಗೆಯೇ ನಮ್ಮ ಇಂದಿನ ವಿಷಯ.

ಆ ಮಗನು ಬೆಳೆದದ್ದು ಎಂಥ ಮನೆಯಲ್ಲಿ ಎಂಬದನ್ನು ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಕಲ್ಯಾಣದ ಮಹಾಮನೆಯೆಂದರೆ ಬಾಗಿಲು ಹಾಕದ ಮನೆ. ಗಂಗಾಂಬಿಕೆ ನೀಲಾಂಬಿಕೆಯರೊಡನೆ ನಾಗಮ್ಮನವರು ಅಲ್ಲಿಯ ದಾಸೋಹದ ಭಾರವನ್ನು ಹೊತ್ತಿದ್ದರು. ಬಟ್ಟೆ ಒಗೆಯುವ ಮಾಚಯ್ಯನವರು, ಚರ್ಮ ಹದಮಾಡುವ ಕಕ್ಕಯ್ಯನವರು, ಕೆರವು ಹೊಲಿಯುವ ಹರಳಯ್ಯನವರು, ದೋಣಿ ನಡೆಸುವ ಚೌಡಯ್ಯನವರು ಮಂತ್ರಿಗಳ ಸರಿಸಮನಾಗಿ ಕುಳಿತು ವಾದಿಸುತ್ತಿದ್ದ ಕಾಲವದು. ಈಗಿನ ತಾಯಂದಿರಾದರೆ ಮಗುವಿನ ಓದಿಗೆ ಗದ್ದಲವಾದೀತೆಂದು ಅವನನ್ನು ಒಳಕೋಣೆಗೆ ಕಳುಹಿಸುತ್ತಿದ್ದರು. ನಾಗಮ್ಮನವರು ಹಾಗೆ ಮಾಡಲಿಲ್ಲ. ಚೆನ್ನಬಸವಣ್ಣನವರು ಆ ಗದ್ದಲದಲ್ಲಿಯೇ ಬೆಳೆದು, ದುಡಿಯುವ ಕೈಗಳನ್ನು ನೋಡುತ್ತ, ದೊಡ್ಡವರು ಮಾತಿನಲ್ಲಿ ಸೋಲುವದನ್ನೂ ಸೋತು ಮತ್ತೆ ಏಳುವದನ್ನೂ ಕಂಡರು. ಅಲ್ಲಮಪ್ರಭುಗಳು ಮನೆಬಾಗಿಲಿಗೆ ಬಂದಾಗ ಪೂಜೆಯಲ್ಲಿ ತೊಡಗಿದ್ದ ಸೋದರಮಾವನಿಗೆ ಬುದ್ಧಿ ಹೇಳಿದವರು ಈ ತರುಣರೇ ಎಂದು ಶೂನ್ಯಸಂಪಾದನೆಯು ಚಿತ್ರಿಸುತ್ತದೆ. ಸೊನ್ನಲಿಗೆಯಲ್ಲಿ ಗುಡಿ ಕೆರೆಗಳನ್ನು ಕಟ್ಟಿಸಿ ಲೋಕಪ್ರಸಿದ್ಧರಾಗಿದ್ದ ಸಿದ್ಧರಾಮರು, ತಮಗಿಂತ ಬಹಳ ಚಿಕ್ಕವರಾದ ಇವರ ಕೈಯಿಂದ ಇಷ್ಟಲಿಂಗವನ್ನು ಪಡೆದರು. ಅಂಥ ಧೈರ್ಯವು ಒಂದೇ ರಾತ್ರಿಯಲ್ಲಿ ಬರತಕ್ಕದ್ದಲ್ಲ. ಚೆನ್ನಬಸವಣ್ಣನವರ 1,700ಕ್ಕೂ ಹೆಚ್ಚು ವಚನಗಳು ನಮಗೆ ದೊರೆತಿವೆ. ತಾಯಿಯವು ಹತ್ತು ಹದಿನೈದು ಮಾತ್ರ. ದಾಸೋಹದ ಒಲೆಯ ಮುಂದೆ ಇದ್ದವರಿಗೆ ಬರೆಯಲು ಬಿಡುವೆಲ್ಲಿಯದು?

ಆಮೇಲೆ ಕಲ್ಯಾಣವು ಕೆಟ್ಟಿತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆ, ಆ ತಂದೆಯರಿಬ್ಬರಿಗೂ ವಿಧಿಸಿದ ಘೋರ ಶಿಕ್ಷೆ, ಬಸವೇಶ್ವರರು ಸಂಗಮಕ್ಕೆ ಹೊರಟುಹೋದದ್ದು, 1167ರ ಸುಮಾರಿಗೆ ಬಿಜ್ಜಳನ ಕೊಲೆ, ಇವೆಲ್ಲ ವಾಚಕರಿಗೆ ಗೊತ್ತಿದ್ದ ಸಂಗತಿಗಳು. ತಮ್ಮನ ಅಗಲಿಕೆಯ ಸಂಕಟವು ನಾಗಮ್ಮನವರ ವಚನಗಳಲ್ಲಿ ಕಾಣುತ್ತದೆ. ಆದರೆ ಅಳುತ್ತ ಕುಳಿತುಕೊಳ್ಳುವದಕ್ಕೆ ಅವಕಾಶವಿರಲಿಲ್ಲ. ಶರಣರ ಒಂದು ದೊಡ್ಡ ತಂಡವು ವಚನಗಳ ಕಟ್ಟುಗಳನ್ನು ಹೊತ್ತುಕೊಂಡು ದಕ್ಷಿಣಕ್ಕೆ ಹೊರಟಿತು. ಹಿಂದೆ ಅರಸನ ದಂಡು. ಆ ತಂಡದ ಮುಂದಾಳುಗಳು ಈ ತಾಯಿಮಕ್ಕಳು. ಮಲಾಪಹಾರಿಯ ದಂಡೆಯ ಕಾದರವಳ್ಳಿಯಲ್ಲಿ ಕಾಳಗವಾಯಿತೆಂದು ಹೇಳುತ್ತಾರೆ. ಕಕ್ಕಯ್ಯನವರು ಕಕ್ಕೇರಿಯಲ್ಲಿ ಉಳಿದರು. ಗಂಗಾಂಬಿಕೆಯವರ ಸಮಾಧಿಯು ಮುಗುಟಖಾನ ಹುಬ್ಬಳ್ಳಿಯ ಹೊಳೆಯಲ್ಲಿದೆ. ಒಬ್ಬೊಬ್ಬರನ್ನೇ ದಾರಿಯಲ್ಲಿ ಕಳೆದುಕೊಳ್ಳುತ್ತ ಉಳಿದವರು ದಟ್ಟಡವಿಯ ಉಳವಿಯನ್ನು ಮುಟ್ಟಿದರು. ಮಗನನ್ನು ಬಚ್ಚಿಟ್ಟು ಬದುಕಿಸಿಕೊಳ್ಳಬಹುದಾಗಿದ್ದ ತಾಯಿಯು ಅವನನ್ನು ತಂಡದ ಮುಂದೆ ನಿಲ್ಲಿಸಿದಳು. ಹೆತ್ತ ಕರುಳಿಗೆ ಅದು ಎಷ್ಟು ಕಠಿಣವಾಗಿತ್ತೆಂಬದನ್ನು ಹೆತ್ತವರೇ ಬಲ್ಲರು.

ಇದು ಎಂಟು ನೂರು ವರ್ಷಗಳ ಹಿಂದಿನ ಕಥೆಯೆಂದು ತಳ್ಳಿಹಾಕಲು ಬಾರದು. 1948ರ ಮೇ ತಿಂಗಳಲ್ಲಿ ಇದೇ ಕಲ್ಯಾಣದ ಸಮೀಪದ ಗೋರ್ಟಾದಲ್ಲಿ ರಜಾಕಾರರು ಕೊಲೆ ಸುಲಿಗೆಗಳನ್ನು ನಡೆಯಿಸಿದರು. ಆ ದಿನಗಳಲ್ಲಿ ಈ ಸೀಮೆಯ ಎಷ್ಟೋ ತಾಯಂದಿರು ಕತ್ತಲೆಯಲ್ಲಿ ಮಕ್ಕಳ ಕೈಹಿಡಿದು ನಿಜಾಮನ ಗಡಿ ದಾಟಿದರು. ಆ ಮಕ್ಕಳು ಹೆದರಲಿಲ್ಲವೆಂದಲ್ಲ. ತಾಯಿಯೂ ಹೆದರಿರುವಳೆಂದು ಅವರಿಗೆ ತಿಳಿದಿತ್ತು, ಗಂಟು ಹೊರುವ ಕೆಲಸವೊಂದು ಅವರ ಪಾಲಿಗೂ ಬಂದಿತ್ತು.

ಹುಡಗಿಯ ಆ ತಾಯಿಗೆ ನಾವು ಪತ್ರ ಬರೆದಿದ್ದೇವೆ. ತೊಗರಿಯ ನಷ್ಟವನ್ನೂ ಸಾಲದ ಮೊತ್ತವನ್ನೂ ಮಗನ ಮುಂದೆ ಮರೆಮಾಡದೆ ಹೇಳಿರಿ. ಅವನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿರಿ. ಕಿರಾಣಿಯ ಲೆಕ್ಕ ಬರೆಯುವದೋ ದನಗಳಿಗೆ ನೀರು ಕುಡಿಸುವದೋ ನಿಜವಾಗಿ ಮನೆಗೆ ಬೇಕಾದ ಒಂದು ಕೆಲಸವನ್ನು ಅವನಿಗೆ ಒಪ್ಪಿಸಿರಿ. ತಪ್ಪಿದರೆ ನೀವು ತಿದ್ದದೆ ಅವನಿಂದಲೇ ಮತ್ತೊಮ್ಮೆ ಮಾಡಿಸಿರಿ. ಅಳುವಾಗ ಮೊಬೈಲು ಕೊಟ್ಟು ಸುಮ್ಮನಾಗಿಸದೆ ಬಳಿಯಲ್ಲಿ ಕುಳಿತುಕೊಳ್ಳಿರಿ ಎಂದು ತಿಳಿಸಿದೆವು. ಗಟ್ಟಿಮಾಡುವದೆಂದರೆ ಬಡಿಯುವದೆಂದು ತಿಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಬೆತ್ತಕ್ಕೆ ಅಂಜಿದ ಹುಡುಗನು ಬೆತ್ತಕ್ಕೆ ಮಾತ್ರ ಅಂಜುತ್ತಾನೆ. ಆಮೇಲೆ ಸುಳ್ಳು ಹೇಳಲು ಕಲಿಯುತ್ತಾನೆ. ಇನ್ನು, ವಾರಗಟ್ಟಲೆ ಅನ್ನ ನಿದ್ರೆಗಳನ್ನು ಬಿಟ್ಟ ಮಗುವನ್ನು ಉಪದೇಶದಿಂದ ಸರಿಪಡಿಸಹೋಗದೆ ವೈದ್ಯರಿಗೆ ತೋರಿಸತಕ್ಕದ್ದು.

ಈ ಅಂಕಣವನ್ನು ಓದುವವರು ಬಹುಮಟ್ಟಿಗೆ ಕಚೇರಿಗೆ ಹೋಗುವ ಗಂಡಸರು. ತಾಯಂದಿರಿಗೆ ಬುದ್ಧಿ ಹೇಳುವದು ನಮಗೂ ಅವರಿಗೂ ಬಹಳ ಸುಲಭ. ಮಹಾಮನೆಯಲ್ಲಿ ನಾಗಮ್ಮನವರ ಮಗನಿಗೆ ಹತ್ತು ಜನ ಹಿರಿಯರಿದ್ದರು. ಇಂದಿನ ಬಾಡಿಗೆ ಮನೆಯಲ್ಲಿ ತಾಯಿಯೊಬ್ಬಳೇ ಅಡಿಗೆಯವಳು, ಗುರು, ದಾದಿ ಎಲ್ಲವೂ ಆಗಿ ದಣಿದಿರುತ್ತಾಳೆ. ಮಗನ ಮುಂದೆ ತನ್ನ ಸೋಲನ್ನು ಒಪ್ಪಿಕೊಂಡ ತಂದೆಯನ್ನು ನಾವು ಕಂಡದ್ದು ಬಹಳ ಕಡಿಮೆ. ಹುಡಗಿಯ ಪತ್ರವನ್ನು ಗಂಡನ ಹೆಸರಿಗೂ ಸೇರಿಸಿಯೇ ಕಳುಹಿಸಿದ್ದೇವೆ.

ಉಳವಿಯಲ್ಲಿ ಚೆನ್ನಬಸವೇಶ್ವರರು ಇನ್ನೂ ತರುಣರಾಗಿರುವಾಗಲೇ ಲಿಂಗೈಕ್ಯರಾದರು. ತಮ್ಮನ ಬಳಿಕ ಮಗನನ್ನೂ ಕಳೆದುಕೊಂಡ ನಾಗಮ್ಮನವರು ಉಳಿದ ಶರಣರನ್ನು ಕೂಡಿಕೊಂಡು ಮತ್ತೆ ದಕ್ಷಿಣಕ್ಕೆ ನಡೆದರು. ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ ಅವರ ಗದ್ದುಗೆಯಿದೆ. ಮಾಘಮಾಸದ ಭಾರತ ಹುಣ್ಣಿಮೆಗೆ ಉಳವಿಯ ಜಾತ್ರೆಗೆ ಧಾರವಾಡ ಬೆಳಗಾವಿಗಳ ಕಡೆಯಿಂದ ಚಕ್ಕಡಿಗಳ ಸಾಲು ಹೊರಡುತ್ತದೆ. ಎಣ್ಣೆಹೊಳೆಯವರೆಗೆ ಹೋಗಿಬಂದವರನ್ನು ನಮ್ಮ ಬೀದರ ಸೀಮೆಯಲ್ಲಿ ನಾವು ಇನ್ನೂ ಹುಡುಕುತ್ತಿದ್ದೇವೆ.